ಗ್ರಂಥಿ ತೆಗೆದ ಮೇಲೆ ಹತ್ತು ನಿಮಿಷ

ಆಕಾಶವಾಣಿ ಮಡಿಕೇರಿಯ ಕೇಳುಗರಿಗೆ ನಮಸ್ಕಾರ.

ಮೂಳೆ ನೋವು ಬಂದರೆ ನಾವು ಮಳೆಗಾಲದ ಥಂಡಿಯನ್ನು ಬೈಯುತ್ತೇವೆ. ಕಿಡ್ನಿ ಕಲ್ಲು ಮತ್ತೆ ಮತ್ತೆ ಬಂದರೆ ಒಡೆಸಿಕೊಂಡು ಸುಮ್ನೆ ಮನೆಗೆ ಬರುತ್ತೇವೆ. ಕಲ್ಲು ಯಾಕೆ ಬಂತು ಅಂತ ಕೇಳುವುದೇ ಇಲ್ಲ! ದಯವಿಟ್ಟು ರಕ್ತದ ಕ್ಯಾಲ್ಸಿಯಂ ನೋಡಿಸಿ. ಅದು ಜಾಸ್ತಿ ಇದ್ದರೆ ಪಿಟಿಎಚ್ ಎಂಬ ಹಾರ್ಮೋನನ್ನೂ ನೋಡಿಸಿ.

ಈ ಹಾರ್ಮೋನ್ ಬರುವುದು ಕತ್ತಿನ ಪ್ಯಾರಾಥೈರಾಯಿಡ್ ಗ್ರಂಥಿಗಳಿಂದ. ಸಾಮಾನ್ಯವಾಗಿ ನಾಲ್ಕಿರುತ್ತವೆ, ಒಂದೊಂದೂ ಅಕ್ಕಿಕಾಳಿನಷ್ಟು. ಹೆಚ್ಚಿನವರಲ್ಲಿ ಕೆಡುವುದು ಒಂದೇ. ಅದು ಊದಿಕೊಂಡು ಹಾರ್ಮೋನ್ ಸುರಿಸುತ್ತದೆ, ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತದೆ. ಆ ಗ್ರಂಥಿಯನ್ನು ತೆಗೆದರೆ ರೋಗ ಹೋಯಿತು.

ಆದರೆ ಅದು ಸಿಗಬೇಕಲ್ಲ? ಅಮೆರಿಕದಲ್ಲಿ ಚಾರ್ಲ್ಸ್ ಮಾರ್ಟೆಲ್ ಎಂಬ ಹಡಗಿನ ಕ್ಯಾಪ್ಟನ್ ಇದ್ದರು. ಎತ್ತರದ, ಗಟ್ಟಿಮುಟ್ಟಾದ ಆಳು. ಈ ರೋಗ ಬಂದು ಮೂಳೆಗಳು ಮುರಿದವು, ಬೆನ್ನು ಕುಸಿಯಿತು, ಎತ್ತರವೇ ಸುಮಾರು 7 ಇಂಚು ಕಡಿಮೆಯಾಯಿತು. ಕತ್ತು ಕೊಯ್ದರು, ಸಿಗಲಿಲ್ಲ. ಮತ್ತೆ ಕೊಯ್ದರು, ಸಿಗಲಿಲ್ಲ. ಹೀಗೆ ಆರು ಸಲ! ಆ ಮನುಷ್ಯ ತಾನೇ ವೈದ್ಯಕೀಯ ಪುಸ್ತಕಗಳನ್ನು ಓದಿ, ಎದೆಯೊಳಗೂ ಹುಡುಕಿ ಎಂದು ಒತ್ತಾಯಿಸಿದರು. 1932ರಲ್ಲಿ, ಏಳನೇ ಸಲ, ಎದೆಯಲ್ಲೇ ಸಿಕ್ಕಿತು. ಅಷ್ಟರಲ್ಲಿ ಕಿಡ್ನಿ ಹಾಳಾಗಿತ್ತು. ಕೆಲವೇ ವಾರಗಳಲ್ಲಿ ತೀರಿಕೊಂಡರು. ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಆಪರೇಷನ್‌ಗೆ ಮೊದಲೇ ನಾವು ಡಾಕ್ಟರುಗಳು ಅಲ್ಟ್ರಾಸೌಂಡ್, ಸೆಸ್ಟಾಮಿಬಿ ಸ್ಕ್ಯಾನ್ (ಚೂರು ವಿಕಿರಣವಿರುವ ಔಷಧ ಚುಚ್ಚಿ ತೆಗೆಯುವ ಚಿತ್ರ) ಮಾಡಿ ಜಾಗ ಗುರುತಿಸುತ್ತೇವೆ. ಸಣ್ಣ ಗಾಯ ಸಾಕು. ಗ್ರಂಥಿ ತೆಗೆದ ಮೇಲೆ ಹತ್ತು ನಿಮಿಷ ಕಾಯುತ್ತೇವೆ. ಯಾಕೆ? ಪಿಟಿಎಚ್ ರಕ್ತದಲ್ಲಿ ಮೂರರಿಂದ ಐದು ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ. ಕೆಟ್ಟದ್ದು ಹೊರಗೆ ಬಂದಿದ್ದರೆ, ಹತ್ತು ನಿಮಿಷದಲ್ಲಿ ಅದು ಮೊದಲಿದ್ದುದರ ಅರ್ಧಕ್ಕಿಂತ ಕೆಳಗೆ ಬರಬೇಕು. ಬರಲಿಲ್ಲವೆಂದರೆ ಇನ್ನೊಂದು ಒಳಗೇ ಇದೆ. ಆಗ ಹುಡುಕಲೇಬೇಕು, ಹೊಲಿಗೆ ಹಾಕಬಾರದು. ಮಯಾಮಿಯ ಡಾಕ್ಟರ್ ಜಾರ್ಜ್ ಅರ್ವಿನ್ 1990ರ ದಶಕದಲ್ಲಿ ಈ ಪದ್ಧತಿಯನ್ನು ಬೆಳೆಸಿದರು.

ಆದ್ದರಿಂದ ಮೈಸೂರಿಗೋ ಮಂಗಳೂರಿಗೋ ಆಪರೇಷನ್‌ಗೆ ಹೋದರೆ ಸಂಕೋಚವಿಲ್ಲದೆ ಕೇಳಿ: "ಡಾಕ್ಟ್ರೇ, ಟೇಬಲ್ ಮೇಲಿರುವಾಗಲೇ ಪಿಟಿಎಚ್ ನೋಡ್ತೀರಾ?" ಕೇಳುವುದು ನಿಮ್ಮ ಹಕ್ಕು. ಆಪರೇಷನ್ ಆದ ಮೇಲೆ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಅಂದರೆ ಕ್ಯಾಲ್ಸಿಯಂ ಇಳಿದಿದೆ ಎಂದರ್ಥ. ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ನರ್ಸಿಗೆ ಹೇಳಿ. ಮನೆಗೆ ಬಂದ ಮೇಲಾದರೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ.

ನಮಸ್ಕಾರ.