ಕಟ್ಟು, ಕಾವು ಮತ್ತು ಹುಳಿ: ಅಗ್ಗದ ದಿನಸಿಯಲ್ಲಿ ಔತಣದ ರುಚಿ

ಮಾನ್ಯ ಸಭಿಕರೆ,

ದೊಡ್ಡ ಹೋಟೆಲುಗಳಲ್ಲಿ ನಾವು ನೂರಾರು ರೂಪಾಯಿ ತೆತ್ತು ಉಣ್ಣುವ ಬಹಳಷ್ಟು ಅಡುಗೆಗಳ ಮೂಲ ಸಾಮಗ್ರಿ ಈರುಳ್ಳಿ, ಟೊಮೆಟೊ, ಬೇಳೆ, ಎಣ್ಣೆ ಮತ್ತು ಉಪ್ಪು. ಇವೆಲ್ಲ ನಮ್ಮ ಮನೆಯ ಡಬ್ಬಿಗಳಲ್ಲೂ ಇವೆ. ಆದರೂ ರುಚಿಯಲ್ಲಿ ಅಂತರ ಕಾಣುವುದಕ್ಕೆ ಕಾರಣ ಹೆಚ್ಚಿನ ಸಂದರ್ಭಗಳಲ್ಲಿ ದಿನಸಿಯ ಬೆಲೆಯಲ್ಲ. ಯಾವುದನ್ನು ಎಷ್ಟು ಹೊತ್ತು ಹುರಿದರು, ಬೇಯಿಸಿದ ನೀರನ್ನು ಏನು ಮಾಡಿದರು, ಹುಳಿಯನ್ನು ಯಾವ ಹಂತದಲ್ಲಿ ಹಾಕಿದರು ಎಂಬುದು. ಇದನ್ನು ವಿವರಿಸಲು ನಾನು ಹುರುಳಿಕಾಳನ್ನು ಆರಿಸಿಕೊಂಡಿದ್ದೇನೆ. ದನ, ಕುದುರೆಗಳಿಗೂ ಬೇಯಿಸಿ ಹಾಕುತ್ತಿದ್ದ ಈ ಕಾಳಿನಿಂದ ಹಳೆಯ ಮೈಸೂರು ಸೀಮೆಯವರು ಮಾಡುವ ಬಸ್ಸಾರು ನನ್ನ ಮಟ್ಟಿಗೆ ಯಾವ ಔತಣದ ಅಡುಗೆಗೂ ಕಡಿಮೆಯಲ್ಲ.

ರಾತ್ರಿಯಿಡೀ ನೆನೆಸಿದ ಹುರುಳಿಯನ್ನು ಧಾರಾಳವಾಗಿ ನೀರಿಟ್ಟು ಬೇಯಿಸಿ, ಕಾಳು ಮೆತ್ತಗಾಗುತ್ತ ಬಂದಾಗ ದಂಟಿನ ಸೊಪ್ಪನ್ನು ಸೇರಿಸಿ, ಎರಡೂ ಬೆಂದ ಮೇಲೆ ನೀರನ್ನು ಬಸಿದುಕೊಳ್ಳುತ್ತಾರೆ. ಬಸಿದ ಕಟ್ಟು ಸಾರಿಗೆ, ಉಳಿದ ಕಾಳು ಸೊಪ್ಪು ಪಲ್ಯಕ್ಕೆ. ಕಾಳಿನ ಪಿಷ್ಟವೂ ನೀರಿನಲ್ಲಿ ಕರಗುವ ಪ್ರೋಟೀನು, ಲವಣಗಳೂ ಸ್ವಲ್ಪಮಟ್ಟಿಗೆ ಈ ಕಟ್ಟಿಗೆ ಇಳಿದಿರುತ್ತವೆ. ಅದನ್ನು ಚೆಲ್ಲಿ ಹೊಸ ನೀರು ಹಾಕಿದರೆ ಎಷ್ಟು ಮಸಾಲೆ ಸುರಿದರೂ ಸಾರು ಸಪ್ಪೆಯೇ. ಮಸಾಲೆ ರುಬ್ಬುವಾಗ ಬೆಂದ ಕಾಳಿನಿಂದ ಒಂದು ಹಿಡಿ ಸೇರಿಸಿಕೊಂಡರೆ ಸಾರಿಗೆ ಹದವಾದ ಗಟ್ಟಿತನ ಬರುತ್ತದೆ. ಈ ಕೆಲಸಕ್ಕೆ ಗೋಡಂಬಿ, ಕೆನೆ ಸುರಿಯುವ ಇಂದಿನ ರೂಢಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅವು ನಾಲಿಗೆಗೆ ನುಣುಪು ಕೊಡುತ್ತವೆಯೇ ಹೊರತು ಮೂಲ ಪದಾರ್ಥದ ರುಚಿಯನ್ನು ಮಂಕಾಗಿಸುತ್ತವೆ. ಯುಗಾದಿಯ ಒಬ್ಬಟ್ಟಿನ ಸಾರು ಕೂಡ ಹೂರಣಕ್ಕೆ ಬೇಳೆ ಬೇಯಿಸಿ ಬಸಿದ ಕಟ್ಟಿನಿಂದಲೇ ಹುಟ್ಟಿದ್ದು, ಮತ್ತು ಅದಕ್ಕಾಗಿಯೇ ಹಬ್ಬವನ್ನು ಕಾಯುವವರು ನಮ್ಮಲ್ಲಿ ಕಡಿಮೆಯಿಲ್ಲ.

ಇನ್ನು ಕಾವಿನ ವಿಷಯ. ಹುರಿದ ಈರುಳ್ಳಿ, ಕೆಂಪಗಾದ ದೋಸೆ, ಸುಟ್ಟ ರೊಟ್ಟಿ ಇವುಗಳ ಪರಿಮಳಕ್ಕೆ ಕಾರಣವಾದ ರಾಸಾಯನಿಕ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮೇಯಾರ್ 1912ರಲ್ಲಿ ವಿವರಿಸಿದರು. ಸಕ್ಕರೆಯ ಅಂಶಗಳೂ ಅಮೈನೊ ಆಮ್ಲಗಳೂ ಕಾವಿನಲ್ಲಿ ಕೂಡಿಕೊಂಡು ಮೊದಲು ಇರದಿದ್ದ ಅನೇಕ ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ. ಈ ಕ್ರಿಯೆ ಚುರುಕಾಗಲು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಅಂದರೆ ಬಾಣಲೆಯಲ್ಲಿ ನೀರು ಇರುವಷ್ಟು ಹೊತ್ತು ಪದಾರ್ಥ ಬೇಯುತ್ತದೆ, ಕೆಂಪಗಾಗುವುದಿಲ್ಲ. ಈರುಳ್ಳಿಯ ತೂಕದಲ್ಲಿ ಹತ್ತಿರ ಹತ್ತಿರ ಶೇಕಡಾ 90ರಷ್ಟು ನೀರೇ ಆಗಿರುವುದರಿಂದ, ಚಿಕ್ಕ ಬಾಣಲೆಗೆ ಒಂದು ರಾಶಿ ಈರುಳ್ಳಿ ಸುರಿದು ಮುಚ್ಚಳ ಮುಚ್ಚಿದರೆ ಅದು ತನ್ನದೇ ಹಬೆಯಲ್ಲಿ ಬೆಂದು ಮುದ್ದೆಯಾಗುತ್ತದೆ. ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ತೆಳುವಾಗಿ ಹರಡಿ, ಅವಸರಪಡದೆ ಹುರಿಯಬೇಕು. ಮೊದಲು ಅದು ಪಾರದರ್ಶಕವಾಗುತ್ತದೆ, ಚಟಪಟ ಸದ್ದು ಕ್ರಮೇಣ ತಗ್ಗುತ್ತದೆ, ಅಂಚು ಕೆಂಪಗಾಗುತ್ತದೆ, ಆಮೇಲೆ ತಳದಲ್ಲಿ ಕಂದು ಬಣ್ಣದ ಪದರ ಅಂಟತೊಡಗುತ್ತದೆ. ಅದು ಕಪ್ಪಾಗುವ ಮೊದಲೇ ಎರಡು ಚಮಚ ಕಟ್ಟನ್ನು ಚಿಮುಕಿಸಿ, ಸೌಟಿನಿಂದ ಕೆರೆದು ಈರುಳ್ಳಿಗೇ ಬೆರೆಸಬೇಕು. ಹೋಟೆಲಿನ ಗ್ರೇವಿಯಲ್ಲಿ ನಾವು ಮೆಚ್ಚುವ ಬಣ್ಣವೂ ಗಾಢತೆಯೂ ಬಹುಮಟ್ಟಿಗೆ ಇಲ್ಲಿಂದ ಬರುತ್ತವೆ. ಒಲೆಯಿದ್ದ ಮನೆಗಳಲ್ಲಿ ಬಸ್ಸಾರಿನ ಈರುಳ್ಳಿ, ಬೆಳ್ಳುಳ್ಳಿಗಳನ್ನು ಕೆಂಡದಲ್ಲಿಯೇ ಸುಡುತ್ತಿದ್ದರು. ಗ್ಯಾಸಿನ ಉರಿಯ ಮೇಲೆ ಜಾಲರಿಯಿಟ್ಟು ಸಿಪ್ಪೆಸಹಿತ ಸುಟ್ಟರೂ ಆ ಸುವಾಸನೆಯ ಒಂದಂಶ ದಕ್ಕುತ್ತದೆ.

ಧನಿಯ, ಜೀರಿಗೆ, ಮೆಂತ್ಯಗಳನ್ನು ಒಟ್ಟಿಗೇ ಬಾಣಲೆಗೆ ಹಾಕುವುದು ಸಮಯ ಉಳಿಸುವ ಕ್ರಮವಿರಬಹುದು, ಆದರೆ ಧನಿಯ ಹದಕ್ಕೆ ಬರುವಷ್ಟರಲ್ಲಿ ಜೀರಿಗೆ ಸೀದು ಮೆಂತ್ಯ ಕಹಿಯಾಗಿರುತ್ತದೆ. ಬೇರೆ ಬೇರೆಯಾಗಿ ಹುರಿಯುವುದೇ ಲೇಸು. ಹಾವೇರಿ ಜಿಲ್ಲೆಯ ಹೆಸರಾಂತ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣ ಕರಗುವುದು ನೀರಿನಲ್ಲಲ್ಲ, ಎಣ್ಣೆಯಲ್ಲಿ. ಆದ್ದರಿಂದ ಅದನ್ನು ನಾಲ್ಕು ಹನಿ ಎಣ್ಣೆಯೊಂದಿಗೆ ಸಣ್ಣ ಉರಿಯಲ್ಲಿ ಗರಿಗರಿ ಮಾಡಿಕೊಳ್ಳಬೇಕು. ಒಗ್ಗರಣೆಯ ಗುಟ್ಟೂ ಇದೇ: ಇಂಗು, ಜೀರಿಗೆ, ಕರಿಬೇವುಗಳ ಪರಿಮಳ ಬಿಸಿಯಾದ ಜಿಡ್ಡಿನಲ್ಲಿ ಕರಗಿ ಇಡೀ ಸಾರಿಗೆ ಹರಡುತ್ತದೆ. ಒಗ್ಗರಣೆ ಹಾಕಿದ ಕೂಡಲೇ ಪಾತ್ರೆಯನ್ನು ಮುಚ್ಚಬೇಕೆಂದು ಹಿರಿಯರು ಹೇಳುವುದರಲ್ಲಿ ಅರ್ಥವಿದೆ.

ಹುಳಿಯ ಬಗ್ಗೆ ನಮ್ಮಲ್ಲಿ ಎಚ್ಚರ ಕಡಿಮೆ. ಹುಣಸೆಹಣ್ಣನ್ನು ಮೊದಲೇ ಹಾಕಿದರೆ ಅದರ ಆಮ್ಲದಿಂದಾಗಿ ಕಾಳು, ತರಕಾರಿಗಳು ಬೇಗ ಮೆತ್ತಗಾಗುವುದಿಲ್ಲ. ಬೆಂದ ಮೇಲೆ ಹಾಕಿ ಹಸಿವಾಸನೆ ಹೋಗುವಷ್ಟು ಕುದಿಸಬೇಕು. ನಿಂಬೆರಸವಾದರೆ ಒಲೆಯಿಂದ ಇಳಿಸಿದ ನಂತರವೇ, ಏಕೆಂದರೆ ಕುದಿತಕ್ಕೆ ಅದರ ಪರಿಮಳ ಹಾರಿಹೋಗುತ್ತದೆ. ಅಡುಗೆಯಲ್ಲಿ ಏನೋ ಕೊರತೆಯಿದೆ ಎನಿಸಿದಾಗ ಬಹಳ ಜನ ಖಾರವನ್ನೋ ಉಪ್ಪನ್ನೋ ಹೆಚ್ಚಿಸುತ್ತಾರೆ. ಅನೇಕ ಸಲ ಬೇಕಾಗಿರುವುದು ಒಂದಿಷ್ಟು ಹುಳಿ, ಜೊತೆಗೆ ಕಡಲೆಕಾಳಿನಷ್ಟು ಬೆಲ್ಲ. ಟೊಮೆಟೊ ಬಳಸುವವರು ಬೀಜದ ಸುತ್ತಲಿನ ಲೋಳೆಯನ್ನು ಎಸೆಯಬಾರದು. ಜಪಾನಿನ ಕಿಕುನಾಯೆ ಇಕೆದ ಅವರು 1908ರಲ್ಲಿ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿ, ಉಮಾಮಿ ಎಂದು ಹೆಸರಿಟ್ಟ, ಸಾರಿಗೆ ತುಂಬುತನ ಕೊಡುವ ರುಚಿಗೆ ಕಾರಣವಾದ ಗ್ಲುಟಮೇಟ್ ಟೊಮೆಟೊದ ತಿರುಳಿಗಿಂತ ಆ ಲೋಳೆಯಲ್ಲಿಯೇ ಹೆಚ್ಚು.

ಎಲ್ಲವನ್ನೂ ಅಗ್ಗದಲ್ಲಿಯೇ ಮುಗಿಸಬಹುದೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಇಂಗು, ಇಡಿಯಾಗಿ ಕೊಂಡು ಬೇಕೆಂದಾಗ ಕುಟ್ಟಿಕೊಳ್ಳುವ ಕರಿಮೆಣಸು, ಆಗಷ್ಟೇ ಒಡೆದ ತೆಂಗಿನಕಾಯಿ, ಕೊನೆಗೆ ಒಂದು ಚಮಚ ತುಪ್ಪ, ಇವುಗಳಲ್ಲಿ ಜಿಪುಣತನ ಸಲ್ಲದು. ಬಳಸುವ ಪ್ರಮಾಣ ಅತ್ಯಲ್ಪವಾದ್ದರಿಂದ ಊಟವೊಂದಕ್ಕೆ ಬೀಳುವ ಖರ್ಚೂ ಅಲ್ಪವೇ. ಬಸ್ಸಾರು ಮಾರನೆಯ ದಿನ ಇನ್ನೂ ರುಚಿ ಎಂಬ ಮಾತು ನಿಜ, ಮಸಾಲೆ ಅಷ್ಟರಲ್ಲಿ ಕಟ್ಟಿನೊಳಗೆ ಚೆನ್ನಾಗಿ ಹೊಂದಿಕೊಂಡಿರುತ್ತದೆ. ಆದರೆ ಹಿಂದಿನ ದಿನದ ಒಗ್ಗರಣೆಯ ಘಮ ಆ ಹೊತ್ತಿಗೆ ಇಳಿದಿರುವುದರಿಂದ, ಸಾರನ್ನು ಚೆನ್ನಾಗಿ ಕುದಿಸಿದ ಮೇಲೆ ಜಜ್ಜಿದ ನಾಲ್ಕೆಸಳು ಬೆಳ್ಳುಳ್ಳಿಯ ಹೊಸ ಒಗ್ಗರಣೆ ಕೊಟ್ಟು ಮುದ್ದೆಗೆ ಬಡಿಸಬೇಕು.