ಯಾರ್ಕ್‌ಗೆ ಬಂದ ಒಹಾಯೋ ಹುಡುಗಿ

ಎಲ್ಲರಿಗೂ ನಮಸ್ಕಾರ. ನಿಮ್ಮ ಮೇಷ್ಟ್ರು ನನಗೆ ಕೊಟ್ಟ ವಿಷಯ ‘ಇಂಗ್ಲೆಂಡಿನಲ್ಲಿ ನನ್ನ ಓದು’. ಅದನ್ನು ಸ್ವಲ್ಪ ಬದಲಾಯಿಸಿಕೊಂಡಿದ್ದೇನೆ, ಬೇಜಾರು ಮಾಡ್ಕೋಬೇಡಿ. ಶಿವಮೊಗ್ಗದಿಂದ ಹೋದವಳಿಗೆ ಅಲ್ಲಿ ಚಳಿಯಾಯ್ತು, ಸಾರು-ಅನ್ನ ನೆನಪಾಯ್ತು ಅಂತ ಹೇಳಿದರೆ ಅದರಲ್ಲಿ ಹೊಸದೇನಿದೆ? ನಾನು ಹೇಳಬೇಕು ಅಂದುಕೊಂಡಿರುವುದು ಪಕ್ಕದ ರೂಮಿನ ಹುಡುಗಿಯ ಕಥೆ. ಅಮೆರಿಕದ ಒಹಾಯೋ ರಾಜ್ಯದವಳು, ಡಿಗ್ರಿಯ ಮೂರನೇ ವರ್ಷವನ್ನು ಇಂಗ್ಲೆಂಡಿನಲ್ಲಿ ಓದಲು ಬಂದಿದ್ದಳು. ನಾನು ಎಂ.ಎ.ಗೆ ಹೋಗಿದ್ದೆ. 2023ರ ಸೆಪ್ಟೆಂಬರಿನಿಂದ ಮುಂದಿನ ಜೂನ್‌ವರೆಗೆ ಯಾರ್ಕ್ ನಗರದಲ್ಲಿ ನಾವು ಒಂದೇ ಅಡುಗೆಮನೆ ಹಂಚಿಕೊಂಡಿದ್ದೆವು. ಹೆಸರು ಹೇಳುವುದಿಲ್ಲ, ಒಹಾಯೋ ಹುಡುಗಿ ಅಂತಲೇ ಕರೆಯುತ್ತೇನೆ.

ಅವಳದ್ದು ಹುಟ್ಟಿದಾಗಿನಿಂದ ಇಂಗ್ಲಿಷ್. ನನ್ನದು ಎಂಟನೇ ಕ್ಲಾಸಿನಿಂದ ಗುದ್ದಾಡಿ ಕಲಿತ ಇಂಗ್ಲಿಷ್. ಹಾಗಾಗಿ ಅವಳಿಗೆ ಎಲ್ಲ ಸಲೀಸು, ನನಗೆ ಎಲ್ಲ ಕಷ್ಟ ಅಂದುಕೊಂಡೇ ಹೋಗಿದ್ದೆ. ಅಲ್ಲಿ ನೋಡಿದರೆ ದಿನನಿತ್ಯದ ವಿಷಯದಲ್ಲಿ ನನಗಿಂತ ಅವಳೇ ಜಾಸ್ತಿ ಪರದಾಡಿದಳು. ಯಾಕೆ ಅಂದರೆ, ಇಂಗ್ಲಿಷರು ತಂದಿಟ್ಟ ಎಷ್ಟೋ ಸಾಮಾನು, ಎಷ್ಟೋ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಇವೆ. ರಸ್ತೆಯ ಎಡಗಡೆ, ಗೋಡೆಯ ಸ್ವಿಚ್ಚು, ಪರೀಕ್ಷೆ, ಫಸ್ಟ್ ಕ್ಲಾಸು, ಎಲ್ಲ. ಅಮೆರಿಕದವರು 1776ರಲ್ಲೇ ಬೇರೆ ಮನೆ ಮಾಡಿ, ಎಲ್ಲವನ್ನೂ ತಮಗೆ ಬೇಕಾದ ಹಾಗೆ ಜೋಡಿಸಿಕೊಂಡರು. ಎರಡು ದೇಶಗಳ ಪದಗಳ ಗೊಂದಲದ ಜೋಕುಗಳು ನಿಮಗೆಲ್ಲ ಗೊತ್ತೇ ಇವೆ, ಅದನ್ನು ಬಿಡೋಣ. ಪದಕ್ಕಿಂತ ಅವಳಿಗೆ ಕಾಟ ಕೊಟ್ಟದ್ದು ಸಾಮಾನುಗಳು.

ಮೊದಲು ಕರೆಂಟು. ಬಂದ ಮೊದಲ ರಾತ್ರಿ ಅವಳು ಲ್ಯಾಪ್‌ಟಾಪನ್ನು ಚಾರ್ಜ್‌ಗೆ ಹಾಕಿ ಮಲಗಿದಳು. ಬೆಳಿಗ್ಗೆ ನೋಡಿದರೆ ಚಾರ್ಜೇ ಆಗಿಲ್ಲ. ಪ್ಲಗ್ ಪಾಯಿಂಟ್ ಕೆಟ್ಟಿದೆ ಅಂತ ಮೇಂಟೆನೆನ್ಸ್‌ನವರಿಗೆ ಇಮೇಲ್ ಬರೆಯುತ್ತಾ ಕೂತಿದ್ದಳು. ನಾನು ಹೋಗಿ ಸ್ವಿಚ್ ಹಾಕಿದೆ. ಅಷ್ಟೇ. ಅಮೆರಿಕದ ಮನೆಗಳಲ್ಲಿ ಪ್ಲಗ್ ಪಾಯಿಂಟಿಗೆ ಸಾಮಾನ್ಯವಾಗಿ ಪಕ್ಕದಲ್ಲಿ ಸ್ವಿಚ್ ಇರುವುದಿಲ್ಲ, ಚುಚ್ಚಿದರೆ ಕರೆಂಟು ಬಂತು ಅಂತಲೇ ಲೆಕ್ಕ. ನಮಗೆ ಚಿಕ್ಕಂದಿನಿಂದ ‘ಸ್ವಿಚ್ ಆಫ್ ಮಾಡೇ’ ಅಂತ ಬೈಸಿಕೊಂಡು ಅಭ್ಯಾಸ, ಅಲ್ವಾ.

ಅದಾದ ಮೇಲೆ ಹೇರ್ ಸ್ಟ್ರೈಟ್ನರ್ ಪ್ರಸಂಗ. ಅವಳ ಊರಿನಲ್ಲಿ 120 ವೋಲ್ಟ್, ಇಂಗ್ಲೆಂಡಿನಲ್ಲಿ ನಮ್ಮ ಹಾಗೆ 230. ಏರ್‌ಪೋರ್ಟಿನಲ್ಲಿ ಕೊಂಡ ಅಡಾಪ್ಟರ್ ಇದೆಯಲ್ಲ, ಅದು ಪಿನ್ನಿನ ಆಕಾರವನ್ನಷ್ಟೇ ಬದಲಾಯಿಸುತ್ತದೆ, ವೋಲ್ಟೇಜನ್ನು ಮುಟ್ಟುವುದೂ ಇಲ್ಲ. ಫೋನು, ಲ್ಯಾಪ್‌ಟಾಪ್ ಚಾರ್ಜರುಗಳ ಮೇಲೆ ಸಾಮಾನ್ಯವಾಗಿ ‘100-240’ ಅಂತ ಬರೆದಿರುತ್ತದೆ, ಅವಕ್ಕೆ ತೊಂದರೆಯಿಲ್ಲ. ಸ್ಟ್ರೈಟ್ನರ್ ಮೇಲೆ ಬರೆದದ್ದನ್ನು ಯಾರು ಓದುತ್ತಾರೆ? ಟಪ್ ಅಂತ ಒಂದು ಶಬ್ದ, ಕೂದಲು ಸುಟ್ಟ ವಾಸನೆ (ಕೂದಲು ಸ್ವಲ್ಪವೇ ಸುಟ್ಟಿದ್ದು, ದೇವರು ದೊಡ್ಡವನು), ಎಂಸಿಬಿ ಬಿದ್ದು ಆ ಸಾಲಿನ ರೂಮುಗಳೆಲ್ಲ ಕತ್ತಲು.

ಆ ದಪ್ಪ ಮೂರು ಪಿನ್ನಿನ ಪ್ಲಗ್ಗಿನ ಹಿಂದೆ ಒಂದು ಸಂಗತಿ ಇದೆ, ಇಲ್ಲಿ ಸೈನ್ಸ್ ಹುಡುಗರೂ ಇದ್ದಾರೆ ಅಂತ ಹೇಳುತ್ತಿದ್ದೇನೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ತಾಮ್ರಕ್ಕೆ ಬರ. ತಂತಿ ಉಳಿಸಲು ಮನೆಯ ಸುತ್ತ ಒಂದೇ ಬಳೆಯ ಹಾಗೆ ವೈರಿಂಗ್ ಮಾಡುವ ಪದ್ಧತಿ ತಂದರು. ಆ ದೊಡ್ಡ ಸಾಲಿಗೆ ಒಂದೇ ಫ್ಯೂಸ್ ಇದ್ದರೆ ಚಿಕ್ಕ ಉಪಕರಣದ ವೈರಿಗೆ ರಕ್ಷಣೆ ಸಾಲದು. ಅದಕ್ಕೆ ಪ್ರತಿ ಪ್ಲಗ್ಗಿನ ಹೊಟ್ಟೆಯಲ್ಲೇ ಒಂದು ಫ್ಯೂಸ್ ಇಟ್ಟರು. 1947ರಿಂದ ಅದೇ ಅಲ್ಲಿನ ಮಾದರಿ. ನಮ್ಮ ದುಂಡು ಪಿನ್ನು ಅದಕ್ಕೂ ಹಿಂದಿನ ಬ್ರಿಟಿಷ್ ಮಾದರಿಯದು. ಅವರು ಬಿಟ್ಟರು, ನಾವು ಬಿಡಲಿಲ್ಲ.

ವೋಲ್ಟೇಜಿನಿಂದಲೇ ಇನ್ನೊಂದು ಗಲಾಟೆ. ಒಹಾಯೋ ಹುಡುಗಿ ಟೀಗೆ ನೀರನ್ನು ಮೈಕ್ರೋವೇವ್‌ನಲ್ಲಿ ಕಾಯಿಸಿದಳು. ಅಡುಗೆಮನೆಯಲ್ಲಿದ್ದ ಯಾರ್ಕ್‌ಶೈರಿನ ಹುಡುಗ, ಬಹಳ ಮೃದು ಸ್ವಭಾವದವನು, ಅವನ ಮುಖ ನೋಡಬೇಕಿತ್ತು! ಅವನು ಏನೂ ಹೇಳಲಿಲ್ಲ, ಸುಮ್ನೆ ಕೆಟಲನ್ನು ಅವಳ ಕಡೆ ತಳ್ಳಿದ. ಅವಳದ್ದೂ ತಪ್ಪಲ್ಲ. ಅಮೆರಿಕದ ಮಾಮೂಲಿ ಪಾಯಿಂಟಿನಿಂದ ಕೆಟಲಿಗೆ ಸುಮಾರು 1500 ವ್ಯಾಟ್ ಸಿಕ್ಕರೆ ಹೆಚ್ಚು, ಇಂಗ್ಲೆಂಡಿನ ಕೆಟಲು 3000 ವ್ಯಾಟ್‌ವರೆಗೂ ಎಳೆಯುತ್ತದೆ. ಅವಳ ಊರಿನಲ್ಲಿ ಕೆಟಲು ನಿಧಾನ, ಹಾಗಾಗಿ ಅದು ಇಲ್ಲದ ಮನೆಗಳೇ ಎಷ್ಟೋ. ಹಾಲು ಹಾಕಿ ಕುದಿಸಿದ ಟೀ ಕುಡಿದು ಬೆಳೆದ ನನ್ನ ಪ್ರಕಾರ ಇಬ್ಬರದ್ದೂ ಟೀಯೇ ಅಲ್ಲ. ಆದರೆ ಅದನ್ನು ಅಲ್ಲಿ ಹೇಳುವ ಧೈರ್ಯ ಮಾಡಲಿಲ್ಲ.

ಬಾತ್‌ರೂಮಿನಲ್ಲಿ ಬಿಸಿನೀರಿಗೆ ಒಂದು ನಲ್ಲಿ, ತಣ್ಣೀರಿಗೆ ಇನ್ನೊಂದು. ಒಂದರಲ್ಲಿ ಕೈ ಬೇಯುತ್ತದೆ, ಇನ್ನೊಂದರಲ್ಲಿ ಮರಗಟ್ಟುತ್ತದೆ. ಹಳೆಯ ಮನೆಗಳಲ್ಲಿ ಬಿಸಿನೀರು ಅಟ್ಟದ ಟ್ಯಾಂಕಿನಿಂದ ಬರುತ್ತಿತ್ತು, ಕುಡಿಯುವ ನೀರಿನ ಜೊತೆ ಅದು ಬೆರೆಯಬಾರದು ಅಂತ ಬೇರೆ ಇಟ್ಟರು. ಆಮೇಲೆ ಅದೇ ರೂಢಿಯಾಯಿತು. ಅವಳು ಎರಡರ ಮಧ್ಯೆ ಕೈಯನ್ನು ಅತ್ತಿಂದಿತ್ತ ಓಡಿಸುತ್ತಿದ್ದಳು. ಬಕೆಟ್‌ನಲ್ಲಿ ಬಿಸಿ-ತಣ್ಣೀರು ಬೆರೆಸಿ ಸ್ನಾನ ಮಾಡಿದವರಿಗೆ ಇದೇನು ದೊಡ್ಡದು? ಬೇಸಿನ್ನಿಗೆ ಮುಚ್ಚಳ ಹಾಕಿ ಎರಡನ್ನೂ ಬಿಟ್ಟರಾಯಿತು ಅಂತ ತೋರಿಸಿಕೊಟ್ಟೆ.

ರಸ್ತೆಯಲ್ಲೂ ಅಷ್ಟೇ. ಸ್ಟೇಷನ್ನಿನಿಂದ ಯೂನಿವರ್ಸಿಟಿಗೆ 66ನೇ ನಂಬರ್ ಬಸ್ಸು. ಅವಳು ರಸ್ತೆಯ ತಪ್ಪು ಬದಿಯಲ್ಲಿ ನಿಂತು, ಸರಿಯಾದ ನಂಬರಿನ ಬಸ್ಸನ್ನೇ ಹತ್ತಿ, ಕ್ಲಾಸಿನ ಬದಲು ಸ್ಟೇಷನ್ನಿಗೆ ಹೋಗಿ ಇಳಿದಳು. ಆಗ ಇಂಗ್ಲೆಂಡಿನಲ್ಲಿ ಸರ್ಕಾರದ ಯೋಜನೆಯಿಂದ ಬಸ್ಸಿನ ಟಿಕೆಟ್ 2 ಪೌಂಡಿಗಿಂತ ಜಾಸ್ತಿ ಇರಲಿಲ್ಲ, ಹೋದದ್ದು ಎರಡು ಪೌಂಡು ಅಷ್ಟೇ. (2025ರಿಂದ ಆ ಮಿತಿ 3 ಪೌಂಡ್ ಆಗಿದೆ.) ಆದರೆ ರಸ್ತೆ ದಾಟುವುದರಲ್ಲಿ ಸೋತವಳು ನಾನೇ. ಅಲ್ಲಿ ಜೀಬ್ರಾ ಕ್ರಾಸಿಂಗ್‌ನ ಎರಡೂ ಕಡೆ ಹಳದಿ ಗೋಳದ ದೀಪ ಮಿಣುಕುತ್ತಿರುತ್ತದೆ, 1934ರಲ್ಲಿ ಹೋರ್-ಬೆಲಿಷಾ ಅನ್ನುವ ಸಾರಿಗೆ ಮಂತ್ರಿ ತಂದ ದೀಪ. ಅಲ್ಲಿ ನಿಂತರೆ ಕಾರು ನಿಲ್ಲುತ್ತದೆ. ನಿಜವಾಗಿ ನಿಲ್ಲುತ್ತದೆ! ನಾನು ಫುಟ್‌ಪಾತ್‌ನಲ್ಲಿ ನಿಂತು ‘ನೀವು ಹೋಗಿ’ ಅಂತ ಕೈ ಬೀಸುವುದು, ಕಾರಿನವರು ‘ನೀವು ಬನ್ನಿ’ ಅನ್ನುವುದು, ಹಿಂದೆ ಸಾಲು ಬೆಳೆಯುವುದು. ಶಿವಮೊಗ್ಗದ ಬಿ.ಎಚ್. ರಸ್ತೆ ದಾಟಿ ಬೆಳೆದವಳು ಕಾರನ್ನು ಅಷ್ಟು ಸುಲಭವಾಗಿ ನಂಬುವುದು ಹೇಗೆ ಹೇಳಿ.

ಪಬ್‌ ವಿಷಯ ಮೇಷ್ಟ್ರ ಎದುರು ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ಕುಡಿಯಲು 21 ಆಗಬೇಕು, ಇಂಗ್ಲೆಂಡಿನಲ್ಲಿ 18 ಸಾಕು. ಅವಳಿಗೆ 20. ವಿಮಾನ ಇಳಿದ ಕೂಡಲೇ ದೊಡ್ಡವಳಾಗಿಬಿಟ್ಟಳು. ನದಿ ದಡದಲ್ಲಿ ಕಿಂಗ್ಸ್ ಆರ್ಮ್ಸ್ ಅಂತ ಒಂದು ಪಬ್ ಇದೆ, ಊಸ್ ನದಿ ಉಕ್ಕಿದಾಗಲೆಲ್ಲ ಒಳಗೆ ನೀರು. ಎಷ್ಟೆಷ್ಟು ಬಂದಿತ್ತು ಅಂತ ಗುರುತು ಹಾಕಿಟ್ಟಿದ್ದಾರೆ. 2000ನೇ ಇಸವಿಯ ನವೆಂಬರಿನಲ್ಲಿ ನದಿ ಮಾಮೂಲಿ ಮಟ್ಟಕ್ಕಿಂತ 5.4 ಮೀಟರ್ ಏರಿತ್ತು. ಅವಳು ಅಲ್ಲಿ ಟೇಬಲ್ಲಿನಲ್ಲಿ ಕೂತು ಮಾಣಿ ಬರುತ್ತಾನೆ ಅಂತ ಕಾದೇ ಕಾದಳು. ಕೌಂಟರಿಗೆ ಎದ್ದುಹೋಗಿ ತಾನೇ ಕೇಳಬೇಕು ಅಂತ ಯಾರೂ ಹೇಳಿರಲಿಲ್ಲ. ನಾನು ಕುಡಿದದ್ದು ಕಿತ್ತಳೆ ಜ್ಯೂಸು, ಬೇಕಾದರೆ ಬರೆದುಕೊಳ್ಳಿ.

ಈಗ ಓದಿನ ವಿಷಯ, ಯಾಕಂದ್ರೆ ಇದು ನಿಮಗೆ ಉಪಯೋಗಕ್ಕೆ ಬರುತ್ತದೆ. ಮೊದಲ ಪ್ರಬಂಧಕ್ಕೆ ಅವಳಿಗೆ ಬಂದದ್ದು 68. ಅಡುಗೆಮನೆಯಲ್ಲಿ ಕೂತು ಅತ್ತಳು. ಒಹಾಯೋದಲ್ಲಿ ಅವಳಿಗೆ 90ಕ್ಕಿಂತ ಕಡಿಮೆ ಬಂದದ್ದೇ ಅಪರೂಪ, 68 ಅಂದರೆ ಫೇಲಾಗಲು ಒಂದು ಮೆಟ್ಟಿಲು. ಇಂಗ್ಲೆಂಡಿನಲ್ಲಿ 40ಕ್ಕೆ ಪಾಸು, 60 ದಾಟಿದರೆ ಒಳ್ಳೆಯ ಸೆಕೆಂಡ್ ಕ್ಲಾಸು, 70 ಮುಟ್ಟಿದರೆ ಫಸ್ಟ್ ಕ್ಲಾಸು. 80 ಸಿಕ್ಕರೆ ಊರಿಗೆಲ್ಲ ಹೇಳಿಕೊಂಡು ತಿರುಗಬಹುದು. ನನ್ನ ಅಪ್ಪನ ಕಾಲದ ಬಿ.ಎ. ಮಾರ್ಕ್ಸ್ ಕಾರ್ಡ್ ನೋಡಿದವಳಿಗೆ 68 ಅಂದರೆ ಪೇಡ ಹಂಚುವ ಅಂಕ. ಅವಳಿಗೆ ಎಷ್ಟು ಹೇಳಿದರೂ ನಂಬಲಿಲ್ಲ. ಅವಳ ಕಾಲೇಜಿನವರೇ ಇಂಗ್ಲೆಂಡಿನ ಅಂಕವನ್ನು ಅಮೆರಿಕದ ಗ್ರೇಡಿಗೆ ಇಳಿಸುವ ಪಟ್ಟಿ ಕಳಿಸಿ, 68 ಅಂದರೆ ಎ ಮೈನಸ್ ಅಂದ ಮೇಲೆ ಕಣ್ಣೊರೆಸಿಕೊಂಡಳು.

ವಾರಕ್ಕೆ ಕೆಲವೇ ಗಂಟೆ ಕ್ಲಾಸು ಇರುವುದೂ ಅವಳಿಗೆ ದಿಗಿಲು. ಅಮೆರಿಕದಲ್ಲಿ ವಾರವಾರ ಟೆಸ್ಟು, ಅಸೈನ್‌ಮೆಂಟು, ಕ್ಲಾಸಿನಲ್ಲಿ ಬಾಯಿ ಬಿಟ್ಟದ್ದಕ್ಕೂ ಅಂಕ. ಇಂಗ್ಲೆಂಡಿನಲ್ಲಿ ಉದ್ದನೆಯ ಪುಸ್ತಕದ ಪಟ್ಟಿ ಕೊಟ್ಟು ‘ಓದಿಕೊಳ್ಳಿ’ ಅನ್ನುತ್ತಾರೆ, ಕೊನೆಗೆ ಒಂದೆರಡು ಪ್ರಬಂಧ ಅಥವಾ ಪರೀಕ್ಷೆಯಲ್ಲಿ ಎಲ್ಲ ತೀರ್ಮಾನ. ಆದರೆ ಸೆಮಿನಾರಿನಲ್ಲಿ ಮಾತ್ರ ಅವಳದ್ದೇ ರಾಜ್ಯ. ಇಂಗ್ಲಿಷ್ ಹುಡುಗರು ‘ಇದು ಬಹುಶಃ ತಪ್ಪಿರಬಹುದು’ ಅಂತ ಶುರುಮಾಡುತ್ತಾರೆ, ನಾನು ವ್ಯಾಕರಣ ಸರಿ ಮಾಡಿಕೊಂಡು ಬಾಯಿ ತೆಗೆಯುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ, ಅವಳು ಪುಸ್ತಕ ಅರ್ಧ ಓದಿದ್ದರೂ ಪೂರ್ತಿ ಮಾತಾಡುತ್ತಾಳೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ಒಂದು ಗುಣವನ್ನು ಅವಳಿಂದ ಸ್ವಲ್ಪ ಕದ್ದುಕೊಂಡು ಬಂದಿದ್ದೇನೆ, ಅದಕ್ಕೇ ಇವತ್ತು ಇಷ್ಟು ಹೊತ್ತು ಮಾತಾಡುತ್ತಿದ್ದೇನೆ.

ನವೆಂಬರ್ 5 ಬಂತು. ಊರೆಲ್ಲ ಪಟಾಕಿ, ಬೆಂಕಿ. ಆ ವರ್ಷ ದೀಪಾವಳಿ 12ಕ್ಕೆ, ಹಾಗಾಗಿ ನನಗೆ ಹಬ್ಬ ಒಂದು ವಾರ ಮೊದಲೇ ಬಂದ ಹಾಗಾಯಿತು. 1605ರಲ್ಲಿ ಪಾರ್ಲಿಮೆಂಟನ್ನು ಸಿಡಿಸಲು ಹೋಗಿ ಸಿಕ್ಕಿಬಿದ್ದ ಗೈ ಫಾಕ್ಸ್‌ನ ಬೊಂಬೆಯನ್ನು ಆವತ್ತು ಸುಡುತ್ತಾರೆ. ಅವನು ಯಾರ್ಕ್‌ನಲ್ಲೇ ಹುಟ್ಟಿದವನು. ಅವನು ಓದಿದ ಸೇಂಟ್ ಪೀಟರ್ಸ್ ಶಾಲೆ ಈಗಲೂ ಇದೆ, ಅಲ್ಲಿ ಮಾತ್ರ ಬೊಂಬೆ ಸುಡುವುದಿಲ್ಲ. ಎಷ್ಟೆಂದರೂ ಹಳೆಯ ವಿದ್ಯಾರ್ಥಿ! ‘ಅಮೆರಿಕ ಕೈತಪ್ಪಿದ್ದಕ್ಕೆ ನಿಮ್ಮಲ್ಲಿ ಯಾವ ದಿನಾನೂ ಇಲ್ವಾ?’ ಅಂತ ಒಹಾಯೋ ಹುಡುಗಿ ಆ ಯಾರ್ಕ್‌ಶೈರ್ ಹುಡುಗನನ್ನು ಕೇಳಿದಳು. ಅವನು ನನ್ನ ಕಡೆಗೂ ಒಂದು ಸಲ ನೋಡಿ, ‘ಕೈತಪ್ಪಿದ ದೇಶಗಳು ಬಹಳ ಇವೆ, ಯಾವುದಕ್ಕೆ ಅಂತ ದಿನ ಇಡೋದು’ ಅಂದ.

ಅದೇ ತಿಂಗಳು ನಾಲ್ಕನೇ ಗುರುವಾರ ಅವಳ ದೊಡ್ಡ ಹಬ್ಬ, ಥ್ಯಾಂಕ್ಸ್‌ಗಿವಿಂಗ್. ಇಂಗ್ಲೆಂಡಿನಲ್ಲಿ ಅವತ್ತು ರಜೆಯೂ ಇಲ್ಲ, ಗಮನವೂ ಇಲ್ಲ. ನಾನೇ ಮಾಡ್ತೀನಿ ಅಂತ ಹೊರಟಳು. ಟರ್ಕಿ ಕೋಳಿ ಅಲ್ಲಿ ಕ್ರಿಸ್ಮಸ್ಸಿನ ಸಾಮಾನು, ಇಡೀ ಟರ್ಕಿ ಸಿಕ್ಕಿದ್ದರೂ ನಮ್ಮ ಓವನ್ನಿನ ಬಾಗಿಲು ಮುಚ್ಚುತ್ತಿರಲಿಲ್ಲ. ಕೊನೆಗೆ ಎರಡು ಮಾಮೂಲಿ ಕೋಳಿ ತಂದಳು. ಅಮ್ಮ ಕಳಿಸಿದ ರೆಸಿಪಿಯಲ್ಲಿ 350 ಡಿಗ್ರಿ ಅಂತ ಇತ್ತು. ಓವನ್ನಿನ ತಿರುಗುಣಿ 250ಕ್ಕೇ ನಿಂತುಹೋಗುತ್ತದೆ. ‘ಈ ದೇಶದ ಓವನ್ನಿಗೆ ಶಕ್ತಿಯೇ ಇಲ್ಲ’ ಅಂತ ಬೈದುಕೊಂಡು ಪೂರ್ತಿ ತಿರುಗಿಸಿಬಿಟ್ಟಳು. ಅಮ್ಮನ 350 ಫ್ಯಾರನ್‌ಹೀಟ್. ಇಂಗ್ಲೆಂಡಿನ ಓವನ್ನಿನ ಸೆಲ್ಸಿಯಸ್ ಲೆಕ್ಕದಲ್ಲಿ ಅದು ಸುಮಾರು 177.

ನಾನು ಒಂದು ಕಡೆ ಸಿಹಿಗುಂಬಳದ ಪಲ್ಯ ಮಾಡುತ್ತಿದ್ದೆ. ಹ್ಯಾಲೋವೀನ್ ಮುಗಿದ ಮೇಲೆ ಅಲ್ಲಿ ಕುಂಬಳಕಾಯಿಯನ್ನು ಕೇಳುವವರಿಲ್ಲ, ಮೂತಿ ಕೆತ್ತಲು ಬೆಳೆಸಿದ ಕಾಯಿ, ನೀರು ಜಾಸ್ತಿ, ರುಚಿ ಕಡಿಮೆ. ಬೆಲ್ಲ ಇಲ್ಲದೆ ಕಂದು ಸಕ್ಕರೆ ಹಾಕಿದೆ. ಒಗ್ಗರಣೆಗೆ ಸಾಸಿವೆ ಸಿಡಿಯುವ ಹೊತ್ತಿಗೇ ಓವನ್ನಿನಿಂದ ಹೊಗೆ. ಫೈರ್ ಅಲಾರಂ ಕಿರುಚಿಕೊಂಡಿತು. ಅಲ್ಲಿನ ನಿಯಮ ಏನಂದರೆ, ಒಂದು ಅಡುಗೆಮನೆಯಲ್ಲಿ ಹೊಡೆದರೆ ಕಟ್ಟಡದವರೆಲ್ಲ ಹೊರಗೆ ಬರಬೇಕು, ಸೆಕ್ಯುರಿಟಿಯವರು ಬಂದು ನೋಡಿ ಆಫ್ ಮಾಡುವವರೆಗೆ ಒಳಗೆ ಹೋಗುವ ಹಾಗಿಲ್ಲ. ಕೊರೆಯುವ ಚಳಿಯಲ್ಲಿ ಪಾರ್ಕಿಂಗ್ ಜಾಗದಲ್ಲಿ ಒಬ್ಬ ಟವೆಲ್ ಸುತ್ತಿಕೊಂಡು, ಇನ್ನೊಬ್ಬಳು ತಲೆಗೆ ಶಾಂಪೂ ಹಚ್ಚಿಕೊಂಡು, ನಾನು ಕೈಯಲ್ಲಿ ಸೌಟು ಹಿಡಿದುಕೊಂಡು. ಅಲಾರಂ ನನ್ನ ಒಗ್ಗರಣೆಯದೋ ಅವಳ ಕೋಳಿಯದೋ ಅಂತ ಆಮೇಲೆ ಬಹಳ ವಾದ ನಡೆಯಿತು, ನಾನು ಈಗಲೂ ಒಪ್ಪುವುದಿಲ್ಲ. ಮೇಲೆ ಕರಕಲಾದ ಕೋಳಿಯನ್ನು ಸಿಪ್ಪೆ ತೆಗೆದು ಅವರೆಲ್ಲ ತಿಂದರು. ಪಲ್ಯ ಮೊದಲು ಖಾಲಿಯಾಯಿತು.

ಜನವರಿಯಲ್ಲಿ ಅವಳು ಹಳೆಯ ಪೇಟೆಯ ಕಲ್ಲುಹಾಸಿನ ಮೇಲೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು. ಪಾದ ಊದಿ ಮಂಡಕ್ಕಿ ಚೀಲದ ಹಾಗಾಗಿತ್ತು. ಆದರೂ ಆಸ್ಪತ್ರೆ ಬೇಡ, ಆಂಬುಲೆನ್ಸ್ ಅಂತೂ ಬೇಡವೇ ಬೇಡ ಅಂತ ಹಟ. ನೋವಿಗಿಂತ ಅವಳಿಗೆ ಬಿಲ್ಲಿನ ಭಯ, ಅಮೆರಿಕದಲ್ಲಿ ಬೆಳೆದವರಿಗೆ ಅದು ರಕ್ತದಲ್ಲೇ ಇರುತ್ತದೆ. ಟ್ಯಾಕ್ಸಿ ಮಾಡಿ ಕರೆದುಕೊಂಡು ಹೋದೆವು. ಕಾದದ್ದು ಮಾತ್ರ ಬಹಳ ಹೊತ್ತು, ಮಧ್ಯರಾತ್ರಿ ದಾಟಿತು. ಎಕ್ಸ್‌ರೇ ಆಯಿತು, ಮುರಿದಿಲ್ಲ ಅಂದರು, ಬ್ಯಾಂಡೇಜ್ ಕಟ್ಟಿದರು. ಹೊರಡುವಾಗ ಇವಳು ಕಾರ್ಡ್ ಹಿಡಿದುಕೊಂಡು ಕುಂಟುತ್ತಾ ಎಲ್ಲಿ ದುಡ್ಡು ಕಟ್ಟಬೇಕು ಅಂತ ಕೇಳುತ್ತಿದ್ದಾಳೆ. ಕೌಂಟರಿನ ಆಂಟಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಬಾಗಿಲು ಆ ಕಡೆ, ಕಣಮ್ಮಾ’ ಅನ್ನುವ ಧಾಟಿಯಲ್ಲಿ ಕೈ ತೋರಿಸಿದರು. ಎನ್‌ಎಚ್‌ಎಸ್ ಅನ್ನುವ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಶುರುವಾದ 1948ರ ಜುಲೈ 5ರಿಂದ ಅಲ್ಲಿ ಹೀಗೇ ನಡೆದುಬಂದಿದೆ. ಪೂರ್ತಿ ಪುಕ್ಕಟೆ ಅಂದುಕೊಳ್ಳಬೇಡಿ. ಹೊರದೇಶದ ವಿದ್ಯಾರ್ಥಿಗಳು ವೀಸಾ ಜೊತೆಗೇ ಆರೋಗ್ಯದ ಸರ್ಚಾರ್ಜ್ ಕಟ್ಟಿರುತ್ತಾರೆ, ನಾವು ಹೋದಾಗ ವರ್ಷಕ್ಕೆ 470 ಪೌಂಡ್ ಇತ್ತು, 2024ರ ಫೆಬ್ರವರಿಯಲ್ಲಿ 776 ಮಾಡಿದರು. ನಿಮ್ಮ ಬಜೆಟ್ಟಿನಲ್ಲಿ ಇದನ್ನು ಮರೆಯಬೇಡಿ.

ಗಡಿಯಾರದ ಗೊಂದಲವನ್ನೂ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ. ಮಧ್ಯದ ಆ ವಾರ ಒಹಾಯೋಗೂ ಯಾರ್ಕ್‌ಗೂ ಐದರ ಬದಲು ನಾಲ್ಕೇ ಗಂಟೆ ಅಂತರ, ಅವಳ ಅಮ್ಮನ ಫೋನು ಸರಿಯಾಗಿ ಸೆಮಿನಾರಿನ ಮಧ್ಯೆ ಬರುತ್ತಿತ್ತು. ನಮ್ಮಮ್ಮನಿಗೆ ನಾಲ್ಕೂವರೆ ಗಂಟೆಯ ಅಂತರ ಐದೂವರೆ ಆಯಿತು. ‘ನಿಮ್ಮೂರಲ್ಲಿ ಟೈಮೂ ಒಂದ್ಕಡೆ ನಿಲ್ಲಲ್ವೇನೇ?’ ಅಂದರು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ, ಅದಕ್ಕೆ ಮಾತ್ರ ಅವಳೂ ತಯಾರಿರಲಿಲ್ಲ, ನಾನೂ ತಯಾರಿರಲಿಲ್ಲ.

ಜೂನ್‌ನಲ್ಲಿ ಅವಳು ವಾಪಸ್ ಹೋದಳು. ಸ್ವಲ್ಪ ದಿನದ ಮೇಲೆ ಫೋನ್ ಮಾಡಿ ಬೈಯುತ್ತಿದ್ದಳು, ಈ ಸಲ ಅಮೆರಿಕವನ್ನು. ಅಂಗಡಿಯಲ್ಲಿ ಹತ್ತು ಡಾಲರ್ ಬೆಲೆಯ ಸಾಮಾನು, ಕೈಯಲ್ಲಿ ಸರಿಯಾಗಿ ಹತ್ತು ಡಾಲರ್, ಕೌಂಟರಿನಲ್ಲಿ ಟ್ಯಾಕ್ಸ್ ಸೇರಿಸಿ ಜಾಸ್ತಿ ಕೇಳಿದರಂತೆ. ಇಂಗ್ಲೆಂಡಿನಲ್ಲಿ ಶೆಲ್ಫಿನ ಮೇಲೆ ಬರೆದಷ್ಟೇ ಕೊಡುವುದು, 20 ಪರ್ಸೆಂಟ್ ವ್ಯಾಟ್ ಅದರೊಳಗೇ ಸೇರಿರುತ್ತದೆ. ‘ಬೆಲೆ ಅಂತ ಬರೆದ ಮೇಲೆ ಅಷ್ಟೇ ತಗೋಬೇಕಲ್ವಾ?’ ಅಂತ ಅವಳ ವಾದ. ನಮ್ಮಲ್ಲಿ ಎಂಆರ್‌ಪಿ ಅಂತ ಇದೆ, ಪ್ಯಾಕೆಟ್ಟಿನ ಮೇಲೇ ಅಚ್ಚು ಹಾಕಿರುತ್ತಾರೆ ಅಂದೆ. ಹಾಗಾದರೆ ಮುಂದಿನ ಸಲ ಶಿವಮೊಗ್ಗಕ್ಕೇ ಬರ್ತೀನಿ ಅಂದಿದ್ದಾಳೆ.

ನನ್ನ ಟೈಮ್ ಮುಗಿಯಿತು ಅಂತ ಮೇಷ್ಟ್ರು ವಾಚ್ ತೋರಿಸುತ್ತಿದ್ದಾರೆ. ವೀಸಾ, ಸ್ಕಾಲರ್‌ಶಿಪ್ಪು, ಪ್ರೆಷರ್ ಕುಕ್ಕರ್ ತಗೊಂಡು ಹೋಗಬಹುದಾ, ಏನು ಬೇಕಾದರೂ ಕೇಳಿ. ಹಿಂದಿನ ಬೆಂಚಿನವರಿಂದಲೇ ಶುರುಮಾಡೋಣ.