ಡಬ್ಬಿ ತೆರೆದಾಗ ಡ್ರೈ ಐಸ್ ಇರಲಿಲ್ಲ

ನಮಸ್ಕಾರ. ಕಳೆದ ಸಲ ವೋಟ್ ಹಾಕಿದಾಗ ಬೆರಳಿಗೆ ಹಚ್ಚಿದ ಶಾಯಿ ನೆನಪಿದೆಯಾ? ಎಷ್ಟು ಉಜ್ಜಿದರೂ ಹೋಗಲ್ಲ. ಅದನ್ನು ಕಂಡುಹಿಡಿದದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ತಯಾರಿಸುವುದು ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. 1962ರ ಚುನಾವಣೆಯಿಂದ ಇವತ್ತಿನವರೆಗೂ. ಸರ್ಕಾರಿ ಲ್ಯಾಬ್‌ನಲ್ಲಿ ಹುಟ್ಟಿದ್ದು ಕೋಟಿ ಕೋಟಿ ಜನರ ಬೆರಳಿಗೆ ಬಂತು. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡುವ ವಿಧಾನವನ್ನು ಮೈಸೂರಿನ ಸರ್ಕಾರಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೊಟ್ಟಿತು, ಅಮುಲ್ ಅದನ್ನು ಅಂಗಡಿಗೆ ತಂದಿತು.

ಹಾಗಾದರೆ ಇಂಥವು ಇನ್ನೂ ಜಾಸ್ತಿ ಯಾಕೆ ಬರುತ್ತಿಲ್ಲ?

ದುಡ್ಡು ಕಮ್ಮಿ, ನಿಜ. ನಮ್ಮ ಜಿಡಿಪಿಯಲ್ಲಿ ಸಂಶೋಧನೆಗೆ ಹೋಗುವುದು ಶೇ 0.64ರಷ್ಟು. ದಕ್ಷಿಣ ಕೊರಿಯಾದಲ್ಲಿ ಶೇ 5ರ ಹತ್ತಿರ. ಆದರೆ ಇರುವ ದುಡ್ಡಾದರೂ ಹೊತ್ತಿಗೆ ಸರಿಯಾಗಿ ಕೈಗೆ ಸಿಗಬೇಕು, ಅಲ್ವಾ?

ನಾನು ಒಂದು ಸರ್ಕಾರಿ ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಪ್ರಯೋಗಕ್ಕೆ ಒಂದು ಎನ್‌ಜೈಮ್ ಬೇಕಿತ್ತು, ತಣ್ಣಗಿಡದಿದ್ದರೆ ಕೆಟ್ಟುಹೋಗುವ ಒಂದು ಪ್ರೋಟೀನ್. ಇಂಡೆಂಟ್ ಅಂದರೆ ಖರೀದಿಯ ಬೇಡಿಕೆ ಪತ್ರ, ಮೂರು ಕೊಟೇಶನ್, ಕಮಿಟಿ, ಸಹಿ. ನಾಲ್ಕು ತಿಂಗಳು ಹೋಯಿತು. ಆರ್ಡರ್ ಸಿಕ್ಕಿದ್ದು ಎಲ್‌1ಗೆ, ಅಂದರೆ ಎಲ್ಲರಿಗಿಂತ ಕಡಿಮೆ ದರ ಹಾಕಿದವರಿಗೆ. ಕೊನೆಗೂ ಥರ್ಮೋಕೋಲ್ ಡಬ್ಬಿ ಬಂತು. ಮುಚ್ಚಳ ತೆಗೆದೆ. ತಣ್ಣಗಿಡಲು ಹಾಕಿದ್ದ ಡ್ರೈ ಐಸ್, ಅಂದರೆ ಗಟ್ಟಿ ಮಾಡಿದ ಇಂಗಾಲದ ಡೈಆಕ್ಸೈಡ್, ಪೂರ್ತಿ ಆವಿಯಾಗಿ ಹೋಗಿತ್ತು. ಮೈನಸ್ 20 ಡಿಗ್ರಿಯಲ್ಲಿ ಇರಬೇಕಾದ ಪುಟ್ಟ ಟ್ಯೂಬ್ ಅಂಗೈಗೆ ಬೆಚ್ಚಗೆ ತಾಗಿತು. ಎನ್‌ಜೈಮ್ ಸತ್ತಿತ್ತು. ಫೈಲ್‌ನಲ್ಲಿ ನೋಡಿದರೆ ಒಂದು ನಿಯಮವೂ ತಪ್ಪಿರಲಿಲ್ಲ. ಮತ್ತೆ ಮೊದಲಿನಿಂದ ಇಂಡೆಂಟ್ ಬರೆದೆವು. ಆ ಸಂಜೆಯ ಸಂಕಟ ನನಗೆ ಇನ್ನೂ ಮರೆತಿಲ್ಲ.

2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಂಶೋಧನಾ ಸಂಸ್ಥೆಗಳಿಗೆ ಈ ಖರೀದಿ ನಿಯಮ ಸಡಿಲಿಸಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು. ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ ಬಿಟ್ಟು ಹೊರಗೆ ಕೊಳ್ಳುವ ಅಧಿಕಾರ ಸಂಸ್ಥೆಯ ಮುಖ್ಯಸ್ಥರಿಗೆ ಸಿಕ್ಕಿತು. ತುಂಬಾ ಒಳ್ಳೆಯ ಕೆಲಸ. ಆದರೆ ನಾಳೆ ಆಡಿಟ್ ಆಕ್ಷೇಪಣೆ ಬಂದರೆ ಯಾರು ಉತ್ತರ ಕೊಡುವುದು ಅನ್ನುವ ಭಯ ಇರುವ ತನಕ ಆ ಅಧಿಕಾರವನ್ನು ಯಾರೂ ಬಳಸುವುದಿಲ್ಲ. ಆಡಿಟ್‌ನವರು ಬರೀ ದರ ನೋಡಿದರೆ ಸಾಲದು. ತಂದ ವಸ್ತು ಕೆಲಸ ಮಾಡಿತಾ, ಎಷ್ಟು ದಿನಕ್ಕೆ ಬಂತು ಅಂತಲೂ ಕೇಳಬೇಕು.

2023ರಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂತು. 5 ವರ್ಷಕ್ಕೆ 50,000 ಕೋಟಿಯ ಗುರಿ. ಅದರಲ್ಲಿ ಹೆಚ್ಚಿನ ಪಾಲು ಸರ್ಕಾರದ ಹೊರಗಿನಿಂದ ಬರಬೇಕು. ಒಂದು ಟ್ಯೂಬ್‌ಗೆ ನಾಲ್ಕು ತಿಂಗಳು ಕಾಯುವ ಲ್ಯಾಬ್ ಜೊತೆ ಯಾವ ಕಂಪನಿ ಕೈಜೋಡಿಸುತ್ತೆ, ಹೇಳಿ?

ಇನ್ನೊಂದು ಮಾತು, ಫೆಲೋಶಿಪ್‌ದು. ಪಿಎಚ್‌ಡಿ ಮಾಡುವವರಿಗೆ ಮೊದಲ ವರ್ಷಗಳಲ್ಲಿ ಸಿಗುವ ಜೆಆರ್‌ಎಫ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದು ತಿಂಗಳುಗಟ್ಟಲೆ ತಡವಾದಾಗ ಮನೆ ಓನರ್ ಮುಂದೆ ತಲೆ ತಗ್ಗಿಸಿ ನಿಲ್ಲುವ ಹುಡುಗ ಹುಡುಗಿಯರನ್ನು ನಾನು ನೋಡಿದ್ದೇನೆ. ಸಂಸ್ಥೆಯ ಕಾಯಂ ನೌಕರರಿಗೆ ಸಂಬಳ ಬೀಳುವ ದಿನವೇ ಇವರ ಖಾತೆಗೂ ದುಡ್ಡು ಬೀಳಲಿ.